ಚಿಲಕವಿರುವ ಬಚ್ಚಲು

ತಾಷ್‌ಪಿನಾರ್
14 ನವೆಂಬರ್ 2013, ಗುರುವಾರ

ಪೆರಿಹಾನ್,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯೆಂದು ಕೇಳುವುದಿಲ್ಲ. ಕೇಳಿದರೆ ಮಾತಾಡಿಸಿದ ಹಾಗಾಗುತ್ತದೆ. ನಿನ್ನನ್ನು ಮಾತಾಡಿಸುವುದಿಲ್ಲವೆಂದು ಏಪ್ರಿಲ್‌ನಲ್ಲಿ ಬಿಸಿನೀರಿನ ಬುಗ್ಗೆಯ ಮುಂದೆ, ಊರಿನ ಅರ್ಧ ಹೆಂಗಸರ ಎದುರು ಆಣೆ ಇಟ್ಟವಳು ನಾನು. ಅದೇ ಜಾಗದಲ್ಲಿ ನೀನೂ ಇಟ್ಟೆ. ಆದರೆ ಬರೆಯುವುದಿಲ್ಲವೆಂದು ಇಬ್ಬರೂ ಆಣೆ ಇಟ್ಟಿಲ್ಲ. ಅನುಮಾನ ಬೇಡವೆಂದು ಇಮಾಮರನ್ನೂ ಕೇಳಿದೆ. "ಕಾಗದ ಬರೆದ್ರೆ ಮಾತಾಡಿದಂಗೆ ಆಗುತ್ತಾ?" ಅಂದೆ. "ಎಲ್ಮಾಸಜ್ಜಿ, ರಸ್ತೆ ಆಚೆ ಇದ್ದಾರೆ ಅವರು. ಹೋಗಿ ಮಾತಾಡ್ಬಾರ್ದೇ?" ಅಂದರು. ಬರೆಯಬಹುದು ಎಂದು ನಾನು ಅರ್ಥ ಮಾಡಿಕೊಂಡೆ.

ರೊಟ್ಟಿ ಸುತ್ತಿ ಕೊಡುವ ಕಾಗದದ ಮೇಲೆ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೋ. ನೀನು ನಾಲ್ಕರ ತನಕ ಹೋದವಳು. ನನ್ನ ಸೊಸೆ ಸೆವಿಮ್ ಹೇಗೂ ನಿಮ್ಮ ರೆಸಾರ್ಟಿಗೆ ಹಾಸಿಗೆ ಬಟ್ಟೆ ಬದಲಿಸುವ ಕೆಲಸಕ್ಕೆ ಬರುತ್ತಾಳೆ. ಅವಳ ಜೇಬೇ ನಮ್ಮ ಅಂಚೆಪೆಟ್ಟಿಗೆ.

ವಿಷಯ ಇದು. ನಿಮ್ಮ ಹಂಸ ರೆಸಾರ್ಟಿನವರು ನಮ್ಮ ಹೆಂಗಸರು ಗುರುವಾರ ಸೇರಿ ಮೀಯುವ ಹಮಾಮನ್ನು ಬಾಡಿಗೆಗೆ ಕೇಳಿದ್ದಾರೆ. ಗುಮ್ಮಟ ಹಾಗೇ ಉಳಿಸಿ ಒಳಗೆ ಕೆಸರು ಹಚ್ಚುವ ಕೋಣೆ ಮಾಡುತ್ತಾರಂತೆ. ಪಟ್ಟಣದವರು ದುಡ್ಡು ಕೊಟ್ಟು ಮೈಗೆ ಕೆಸರು ಹಚ್ಚಿಸಿಕೊಳ್ಳುತ್ತಾರಂತೆ. ನಮ್ಮ ಅಜ್ಜಿಯ ಅಜ್ಜಿಯ ಕಾಲದಿಂದ ನಾವು ಅಲ್ಲಿಗೆ ಹೋಗುತ್ತಿದ್ದದ್ದು ಕೆಸರು ತೊಳೆದುಕೊಳ್ಳುವುದಕ್ಕೆ.

ಊರ ಯಜಮಾನ ಶಾಬಾನ್ ಮನೆಗೆ ಬಂದಿದ್ದ. "ಅಜ್ಜಿ, ಬರೋರೇ ಇಲ್ಲ ಅಂದ್ಮೇಲೆ ಖಾಲಿ ಕಟ್ಟಡ ಇಟ್ಕೊಂಡು ಏನ್ಮಾಡೋಣ?" ಅಂದ.

"ಯಾರು ಹೇಳಿದ್ದು ಬರೋರಿಲ್ಲ ಅಂತ?"

"ಎಷ್ಟು ಜನ ಬರ್ತಾರೆ, ಹೇಳು."

"ಗುರುವಾರ ಒಳಗೆ ಬಂದು ಎಣಿಸ್ಕೋ."

ಅವನ ಕಿವಿ ಕೆಂಪಾಯಿತು. ಕಡೆಗೆ ಒಂದು ಮಾತಿಗೆ ಬಂದ. ವಸಂತದಲ್ಲಿ ಹಿದಿರೆಲ್ಲೆಸ್ ಹಬ್ಬಕ್ಕೆ ಹಿಂದಿನ ಗುರುವಾರ ಹಮಾಮಿನ ಬಾಗಿಲಲ್ಲಿ ನಿಂತು ಚಪ್ಪಲಿ ನೋಡುತ್ತಾನಂತೆ. ಕಲ್ಲುಮೆಟ್ಟಿಲು ತುಂಬ ಚಪ್ಪಲಿಯಿದ್ದರೆ ಹಮಾಮು ನಮ್ಮದು. ಇಲ್ಲದಿದ್ದರೆ ರೆಸಾರ್ಟಿನ ಪತ್ರಕ್ಕೆ ರುಜು ಹಾಕುತ್ತಾನೆ.

ಈಗ ಗುರುವಾರ ಬರುವವರು ಯಾರು ಗೊತ್ತೇ? ನಾನು, ಕಿವುಡಿ ದುದು, ಶಾಬಾನನ ತಾಯಿ ಹವ್ವಾ. ಹವ್ವಾ ಬರುವುದು ಮಗನ ಮೇಲಿನ ಸಿಟ್ಟಿಗೆ. ನೀನು ರೆಸಾರ್ಟಿಗೆ ಚೆರ್ರಿ ತೋಟ ಕೊಟ್ಟು ಫ್ಲ್ಯಾಟು ತೆಗೆದುಕೊಂಡೆ, ನಮ್ಮ ಜಗಳ ಶುರುವಾದದ್ದೇ ಅಲ್ಲಿ. ನಿನ್ನ ಹಿಂದೆ ನಿನ್ನ ಬೀದಿಗೆ ಬೀದಿಯೇ ಎದ್ದು ಹೋಯಿತು. ಮುಂದಿನ ಕುರಿ ತಿರುಗಿದರೆ ಮಂದೆ ತಿರುಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಗುರುವಾರ ಬಾ.

ಮುನಿಸು ಮುರಿಯುವ ಕ್ರಮ ನಿನಗೆ ಗೊತ್ತು. ಚಿಕ್ಕವಳು ಹೋಗಿ ದೊಡ್ಡವಳ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಳ್ಳಬೇಕು. ರಂಜಾನ್ ಹೋಯಿತು, ಬಕ್ರೀದೂ ಹೋಯಿತು. ನನ್ನ ಕೈ ಇಲ್ಲೇ ಇದೆ.

ನಿನಗಿಂತ ದೊಡ್ಡವಳಾದ
ಎಲ್ಮಾಸ್


ಹಂಸ ಫ್ಲ್ಯಾಟುಗಳು
9 ಡಿಸೆಂಬರ್ 2013

ಎಲ್ಮಾಸ್,

ನಿನ್ನ ಕಾಗದ ಬಂತು. ಅಕ್ಷರ ಇರುವೆ ಸಾಲು ಚದುರಿದ ಹಾಗಿತ್ತು, ಆದರೂ ಓದಿದೆ. ನಾನು ರೆಸಾರ್ಟಿನ ಕಾಗದದಲ್ಲಿ ಬರೆಯುತ್ತಿದ್ದೇನೆ. ಮೂಲೆಯಲ್ಲಿರುವುದು ಹಂಸ, ಬಾತುಕೋಳಿಯಲ್ಲ. ಎಲ್ಲರೆದುರು ಹಾಗೆ ಹೇಳಿ ನಗಬೇಡ.

ಮೊದಲನೆಯದು, ದೊಡ್ಡವಳು ನಾನು. ನೋಂದಣಿ ಗುಮಾಸ್ತ ಊರಿಗೆ ಬಂದ ದಿನ ನಮ್ಮಿಬ್ಬರ ಅಪ್ಪಂದಿರೂ ಒಟ್ಟಿಗೇ ಹೋಗಿ ಬರೆಸಿದ್ದರಿಂದ ಇಬ್ಬರ ಗುರುತಿನ ಚೀಟಿಯಲ್ಲೂ ಜನವರಿ ಒಂದು ಅಂತಿದೆ. ಅದನ್ನು ಹಿಡಿದು ನೀನು ವಾದ ಮಾಡಬಹುದು. ಆದರೆ ನೀನು ಹುಟ್ಟುವಾಗ ನನಗೆ ಹಲ್ಲು ಬಂದಿತ್ತೆಂದು ನನ್ನ ತಾಯಿ ಸಾಯುವ ತನಕ ಹೇಳುತ್ತಿದ್ದಳು. ನಿನ್ನ ಬಾಯಿ ನೋಡಿದರೆ ಹಲ್ಲಿಟ್ಟುಕೊಂಡೇ ಹುಟ್ಟಿದವಳು ನೀನು, ಅದು ಬೇರೆ ಮಾತು.

ಎರಡನೆಯದು, ನಾನು ಹಮಾಮಿಗೆ ಬರುವುದಿಲ್ಲ. ಅದೇ ಬುಗ್ಗೆಯ ನೀರು ನನ್ನ ನಲ್ಲಿಯಲ್ಲಿ ಬರುತ್ತದೆ. ಇಲ್ಲಿ ಬಚ್ಚಲಿಗೆ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ. ಉಳಿದವರು ನನ್ನ ಹಿಂದೆ ಬಂದರೆಂದು ನನ್ನನ್ನೇಕೆ ಬೈಯುತ್ತೀಯೆ? ನಾನು ಯಾರ ಕೊರಳಿಗೂ ಹಗ್ಗ ಹಾಕಿ ಎಳೆದು ತಂದಿಲ್ಲ.

ಇಲ್ಲಿ ಸುಖವಾಗಿದ್ದೇನೆ. ಎದುರು ಮನೆಗೆ ಹದಿನೈದು ದಿನಕ್ಕೊಮ್ಮೆ ಹೊಸ ಒಡೆಯರು ಬರುತ್ತಾರೆ. ಒಂದೇ ಮನೆ, ವರ್ಷದಲ್ಲಿ ಹದಿನೈದು ದಿನ ಒಬ್ಬರದು, ಮುಂದಿನ ಹದಿನೈದು ದಿನ ಇನ್ನೊಬ್ಬರದು. ಎಲ್ಲರೂ ಬಂದ ದಿನವೇ ಪರದೆ ಸರಿಯಿಲ್ಲ ಅನ್ನುತ್ತಾರೆ. ಹೋದ ವಾರ ಬಂದವಳು ನನ್ನನ್ನು ಕೇಳಿದಳು, "ನೀವು ಯಾವ ಹದಿನೈದು ದಿನದವರು ಅಮ್ಮಾ?"

"ನಾನು ಪೂರ್ತಿ ವರ್ಷದವಳು."

"ಅಯ್ಯೋ ಪಾಪ, ವಾಪಸ್ ಹೋಗೋಕೆ ಮನೆ ಇಲ್ವಾ?"

ನಾನು ಉತ್ತರ ಕೊಡಲಿಲ್ಲ. ನೀನಾಗಿದ್ದರೆ ಕೊಡುತ್ತಿದ್ದೆ.

ಮೂರನೆಯದು, ಹಮಾಮಿನ ಹಲಗೆಯ ಮೇಲೆ ನನ್ನ ಮರದ ಹಾವುಗೆ ಇನ್ನೂ ಇದ್ದರೆ ದುದುವಿಗೆ ಕೊಟ್ಟುಬಿಡು.

ನಿನಗಿಂತ ದೊಡ್ಡವಳಾದ
ಪೆರಿಹಾನ್


ತಾಷ್‌ಪಿನಾರ್
16 ಜನವರಿ 2014, ಗುರುವಾರ

ಪೆರಿಹಾನ್,

ಹಾವುಗೆ ಕೊಡುವುದಿಲ್ಲ. ದುದುವಿನ ಕಾಲು ದೋಣಿ. ಅವಳು ಹಾಕಿಕೊಂಡರೆ ಮೊದಲ ದಿನವೇ ಪಟ್ಟಿ ಕಿತ್ತುಬರುತ್ತದೆ. ಅವು ನಿನ್ನ ಗೂಟದ ಕೆಳಗೇ ಇವೆ. ವಾರಕ್ಕೊಮ್ಮೆ ಒರೆಸುತ್ತೇನೆ. ನಿನಗಾಗಿ ಅಲ್ಲ, ಮರ ಒಡೆಯಬಾರದೆಂದು.

ಮಳೆ ಬಿದ್ದು ಮೆಟ್ಟಿಲು ಜಾರುವ ದಿನ ನಿಮ್ಮ ರೆಸಾರ್ಟಿನ ಮ್ಯಾನೇಜರು ತಾರಿಕ್ ಅಳತೆ ಟೇಪು ಹಿಡಿದು ಬಂದಿದ್ದ. "ಅಜ್ಜಿ, ಒಳಗೆ ಸ್ವಲ್ಪ ನೋಡಬಹುದಾ?" ಅಂದ.

"ನನ್ನ ಸೊಂಟದಷ್ಟು ಎತ್ತರ ಇದ್ದಾಗ ಬಂದಿದ್ರೆ ಬಿಡ್ತಿದ್ದೆ," ಅಂದೆ. "ಈಗ ಮೀಸೆ ಬಂದಿದೆ ನಿಂಗೆ."

ನಕ್ಕ. ಮೆಟ್ಟಿಲ ಮೇಲೆ ಕೂತು ನನ್ನ ಚಹಾ ಕುಡಿದ. "ಚಿಕ್ಕವನಿದ್ದಾಗ ನಾನೂ ಅಮ್ಮನ ಜೊತೆ ಇಂಥದ್ದೇ ಹಮಾಮಿಗೆ ಹೋಗ್ತಿದ್ದೆ ಅಜ್ಜಿ. ಹೆಂಗಸರು ಮುಖಕ್ಕೆ ಸೋಪು ಹಚ್ಚಿ ಕಣ್ಣು ಬಿಡದ ಹಾಗೆ ಮಾಡ್ತಿದ್ರು," ಅಂದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಖಾಲಿ ಬಿದ್ದಿರುವುದಕ್ಕೆ ಕೇಳಿದೆವು ಅಂತಾನೆ. ಅದಕ್ಕೆ ನಾನು ಏನು ಹೇಳಲಿ? ಒಳಗೆ ಆ ಹೊತ್ತಿಗೆ ದುದು ಒಬ್ಬಳೇ ಇದ್ದಳು. ತನ್ನ ದನಿ ತನಗೇ ಕೇಳದ್ದರಿಂದ ಗುಮ್ಮಟ ಬಿರಿಯುವ ಹಾಗೆ ಹಾಡುತ್ತಿದ್ದಳು. ಹತ್ತು ಜನ ಇದ್ದಾರೆಂದು ಅವನು ತಿಳಿದುಕೊಳ್ಳಲಿ ಅಂತ ನಾನು ಸುಮ್ಮನಿದ್ದೆ.

ಇನ್ನು ನಿನ್ನ ಚಿಲಕದ ವಿಷಯ. ಬುದ್ಧಿ ಬಂದಾಗಿನಿಂದ ನಿನ್ನ ಬೆನ್ನು ನಾನು ಉಜ್ಜಿದ್ದೇನೆ, ನನ್ನದನ್ನು ನೀನು. ನನ್ನ ಬೆನ್ನಿನ ನಡುವೆ ನನ್ನ ಕೈಗೆ ಸಿಗದ ಅಂಗೈಯಗಲದ ಜಾಗವಿದೆಯಲ್ಲ, ಅದು ವರ್ಷದಿಂದ ಸರಿಯಾಗಿ ಮೈಯುಜ್ಜುವ ಗವಸು ಕಂಡಿಲ್ಲ. ಸೆವಿಮ್ ಉಜ್ಜಿದರೆ ಬೆಕ್ಕಿಗೆ ಸವರಿದಂತೆ, ದುದು ಉಜ್ಜಿದರೆ ಕುದುರೆಗೆ ತಿಕ್ಕಿದಂತೆ. ನೀನು ಬಾಗಿಲು ಹಾಕಿಕೊಂಡು ಒಬ್ಬಳೇ ಮೀಯುತ್ತೀಯೆ. ಸತ್ತವರನ್ನು ಮೀಯಿಸುವುದಕ್ಕೂ ನಾಲ್ಕು ಜನ ಸೇರುತ್ತಾರೆ ಕಣೇ. ನಿನಗೆ ನಲ್ಲಿಯೊಂದೇ.

ಹೋದ ವರ್ಷ ಚಳಿಗಾಲಕ್ಕೆ ನೀನು ಎಸ್ಕಿಶೆಹಿರ್‌ಗೆ ಮಗಳ ಮನೆಗೆಂದು ಹೋದೆ. ವಾಪಸು ಬಂದವಳೇ ಬೇರೆ. ಪಟ್ಟಣದ ನೀರು ಕುಡಿದು ಬೇಗಂ ಆಗಿಬಿಟ್ಟೆ. ನಾವು ನೋಡಿದರೆ ಸವೆದುಹೋಗುವಂಥ ಮೈ ನಿನಗೆ ಯಾವಾಗ ಬಂತು? ಬಾ, ಬಿಚ್ಚು, ನಾವೂ ನೋಡೋಣ ಏನು ಬಚ್ಚಿಟ್ಟಿದ್ದೀಯೆ ಅಂತ.

ನಿನಗಿಂತ ದೊಡ್ಡವಳಾದ
ಎಲ್ಮಾಸ್


ಹಂಸ ಫ್ಲ್ಯಾಟುಗಳು
3 ಫೆಬ್ರವರಿ 2014

ಎಲ್ಮಾಸ್,

ನೋಡಬೇಕೇ? ಓದು.

ಹೋದ ವರ್ಷ ಚಳಿಗಾಲದಲ್ಲಿ ನಾನು ಹೆಚ್ಚು ದಿನ ಇದ್ದದ್ದು ಮಗಳ ಮನೆಯಲ್ಲಲ್ಲ, ಆಸ್ಪತ್ರೆಯಲ್ಲಿ. ಎಡಮೊಲೆಯಲ್ಲಿ ಗಡ್ಡೆಯಿತ್ತು. ಮೊಲೆಯನ್ನೇ ತೆಗೆದರು. ಈಗ ಗುಣವಾಗಿದ್ದೇನೆ, ಆರು ತಿಂಗಳಿಗೊಮ್ಮೆ ಬಂದು ತೋರಿಸು ಎಂದಿದ್ದಾರೆ. ಎಡತೋಳಿಗೆ ಭಾರ ಹೊರಿಸಬಾರದು, ತೀರಾ ಬಿಸಿನೀರು ಹಾಕಬಾರದು, ಒರಟಾಗಿ ಉಜ್ಜಬಾರದು. ಮಗಳಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಊರಿಗೆ ಬಂದ ಮೊದಲ ಗುರುವಾರ ಬಟ್ಟೆಗಂಟು ಹಿಡಿದು ಹಮಾಮಿನ ಬಾಗಿಲ ತನಕ ಬಂದಿದ್ದೆ. ಒಳಗೆ ನಿನ್ನ ದನಿ ಕೇಳುತ್ತಿತ್ತು. ಯಾರದೋ ಹೊಸ ಸೊಸೆಯ ಸೊಂಟದ ಸುತ್ತಳತೆ ಹೇಳುತ್ತಿದ್ದೆ, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನನಗೂ ನಗು ಬಂತು. ಆಮೇಲೆ ಹಿಂತಿರುಗಿ ಮನೆಗೆ ಹೋದೆ.

ಮಾರನೆಯ ವಾರ ರೆಸಾರ್ಟಿನವರು ತೋಟ ಕೇಳಿಕೊಂಡು ಬಂದರು. ಬದಲಿಗೆ ಕೊಡುವ ಫ್ಲ್ಯಾಟು ತೋರಿಸಿದರು. ಬಾಲ್ಕನಿ ನೋಡಿ ಅಂದರು, ಬೆಟ್ಟ ಕಾಣುತ್ತೆ ಅಂದರು. ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿ ನೋಡಿದೆ, ತೆಗೆದು ನೋಡಿದೆ. ಆಗಲಿ ಅಂದೆ.

ಬಚ್ಚಿಟ್ಟದ್ದು ಇಷ್ಟೇ.

ಪೆರಿಹಾನ್


ತಾಷ್‌ಪಿನಾರ್
11 ಮಾರ್ಚ್ 2014, ಮಂಗಳವಾರ

ಪೆರಿಹಾನ್,

ಇದಕ್ಕೆ ಮುಂಚೆ ಬರೆದ ಕಾಗದಗಳೆಲ್ಲ ಒಲೆಗೆ ಹೋದವು. ಒಂದರಲ್ಲಿ ನಿನ್ನನ್ನು ಬೈದಿದ್ದೆ, ನನಗೆ ಹೇಳದೆ ಚಾಕುವಿನ ಕೆಳಗೆ ಮಲಗಿದ್ದಕ್ಕೆ. ಒಂದರಲ್ಲಿ ಅತ್ತಿದ್ದೆ; ಅದು ಚೆನ್ನಾಗಿ ಉರಿಯಲೂ ಇಲ್ಲ. ಸೆವಿಮ್ ಕೇಳಿದಳು, "ಅತ್ತೆ, ಈ ತಿಂಗಳು ರೊಟ್ಟಿ ಕಾಗದ ಎಲ್ಲಾ ಎಲ್ಲಿ ಹೋಯ್ತು?" ಇಲಿ ತಿಂದವು ಅಂದೆ. ಅವಳಿಗೆ ಏನೂ ಹೇಳಿಲ್ಲ.

ನನ್ನ ನಾಲಿಗೆಯ ದನಿ ಕೇಳಿ ನೀನು ಬಾಗಿಲಿಂದ ಹಿಂತಿರುಗಿದೆ. ಈ ನಾಲಿಗೆಯನ್ನು ಈ ವಯಸ್ಸಿನಲ್ಲಿ ನಾನು ಬದಲಿಸಲಾರೆ. ಅದಕ್ಕೇ ಗುರುವಾರ ಅದನ್ನು ಮನೆಯಲ್ಲಿ ಬಿಟ್ಟು ನಿನ್ನ ಫ್ಲ್ಯಾಟಿಗೆ ಬರುತ್ತೇನೆ. ಆ ಗೇಟಿನೊಳಗೆ ಕಾಲಿಡುವುದಿಲ್ಲ ಎಂದೂ ಹೇಳಿದ್ದೆ, ಆದರೆ ಅದು ಆಣೆಯಲ್ಲ, ಬರೀ ಮಾತು. ಮಾತಾಡುವುದಿಲ್ಲ ಎಂಬುದು ಆಣೆ, ಅದನ್ನು ಮುರಿಯುವುದಿಲ್ಲ. ಆಣೆ ಇಟ್ಟದ್ದು ನಾಲಿಗೆ, ಕೈಯಲ್ಲ. ಗವಸು, ತಾಮ್ರದ ಬಟ್ಟಲು, ಸೋಪು ಎಲ್ಲ ತರುತ್ತೇನೆ. ನಿಮ್ಮ ಹಂಸದ ಸೋಪು ನೊರೆ ಬರುವುದಿಲ್ಲವೆಂದು ಸೆವಿಮ್ ಹೇಳಿದ್ದಾಳೆ. ಗೇಟಿನ ಕಾವಲುಗಾರನಿಗೆ ಹೇಳಿಡು, ನನ್ನನ್ನು ತಡೆದರೆ ಅವನ ಜೊತೆ ಮಾತಾಡಬೇಕಾಗುತ್ತದೆ.

ಒಂದು ಮಾತು. ಹವ್ವಾಳ ಹೊಟ್ಟೆ ಹೆರಿಗೆಗಳಿಂದ ಉತ್ತ ಹೊಲದಂತಿದೆ. ದುದುವಿನ ತೊಡೆಯ ಮೇಲೆ ದ್ರಾಕ್ಷಿಪಾಕ ಚೆಲ್ಲಿದ ಗಾಯ ಹಾಗೇ ಇದೆ. ನನ್ನ ಮೊಣಕಾಲು ಕುಂಬಳಕಾಯಿ. ಆ ಬಿಸಿಕಲ್ಲಿನ ಮೇಲೆ ದೇವರು ಕೊಟ್ಟ ಹಾಗೇ ಉಳಿದಿರುವ ಹೆಂಗಸನ್ನು ನಾನು ಕಂಡಿಲ್ಲ, ಮದುಮಗಳನ್ನು ಬಿಟ್ಟು. ಅವಳೂ ಒಂದು ವರ್ಷ ಅಷ್ಟೇ.

ನೀನು ಹಮಾಮಿಗೆ ಬಾ ಎಂದು ಇನ್ನು ಕೇಳುವುದಿಲ್ಲ. ಚಪ್ಪಲಿಗೆ ನಾನೇ ಉಪಾಯ ಮಾಡಿದ್ದೇನೆ. ಅಟ್ಟದಲ್ಲಿ ಸೊಸೆಯಂದಿರ ಹಳೆಯ ಚಪ್ಪಲಿಗಳಿವೆ. ಅತ್ತೆಯದೂ ಇವೆ, ಅವಳು ಸತ್ತ ದಿನ ಪದ್ಧತಿಯಂತೆ ಬಾಗಿಲಾಚೆ ಇಟ್ಟಿದ್ದೆವು, ಯಾರೂ ಒಯ್ಯಲಿಲ್ಲ, ಅಂಥ ಕಾಲು ಅವಳದು. ಎಲ್ಲವನ್ನೂ ಮೆಟ್ಟಿಲ ಮೇಲೆ ಜೋಡಿಸಿಬಿಡುತ್ತೇನೆ. ಶಾಬಾನ್ ಒಳಗೆ ಬಂದು ನೋಡುವ ಹಾಗಿಲ್ಲವಲ್ಲ.

ದೊಡ್ಡವಳು ಯಾರೆಂಬುದು ಆಮೇಲೆ.

ಎಲ್ಮಾಸ್


ಹಂಸ ಫ್ಲ್ಯಾಟುಗಳು
24 ಮಾರ್ಚ್ 2014

ಎಲ್ಮಾಸ್,

ನೀನು ಬಂದು ಹೋದ ಮೇಲೆ ಬಚ್ಚಲಲ್ಲಿ ಎರಡು ದಿನ ನಿನ್ನ ಸೋಪಿನ ವಾಸನೆ. ಕಿಟಕಿ ತೆಗೆಯಲಿಲ್ಲ.

ನೀನು ಬಾಯಿ ಬಿಡದೆ ಅಷ್ಟು ಹೊತ್ತು ಇರಬಲ್ಲೆಯೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಆಸ್ಪತ್ರೆಯ ದಾದಿಯ ಕೈ ಅಲ್ಲಿಗೆ ಬಂದರೆ ಅವಸರ ಮಾಡುತ್ತಿತ್ತು. ಮಗಳ ಕೈ ಅಲ್ಲಿಗೆ ಬಂದರೆ ನಿಂತೇ ಬಿಡುತ್ತಿತ್ತು. ನಿನ್ನ ಕೈ ಅವಸರವನ್ನೂ ಮಾಡಲಿಲ್ಲ, ನಿಲ್ಲಲೂ ಇಲ್ಲ. ಎಡತೋಳಿಗೆ ಗವಸು ಮುಟ್ಟಿಸದೆ ಬರೀ ನೊರೆ ಹಚ್ಚಿ ತೊಳೆದೆ. ಆಮೇಲೆ ತಿರುಗಿ ಕೂತು ನಿನ್ನ ಬೆನ್ನು ಕೊಟ್ಟೆ. ಆ ಅಂಗೈಯಗಲದ ಜಾಗದಲ್ಲಿ ನಿಜಕ್ಕೂ ವರ್ಷದ ಕೊಳೆಯಿತ್ತು. ಸುಳ್ಳು ಹೇಳಿರಲಿಲ್ಲ ನೀನು.

ಬಾಗಿಲು ತೆರೆದೇ ಇತ್ತು. ನೀನು ಹೋದ ಮೇಲೆ ಗೊತ್ತಾಯಿತು.

ನಿನ್ನ ಉಪಾಯ ಕೇಳಿ ಒಬ್ಬಳೇ ನಕ್ಕೆ. ಸತ್ತವಳ ಚಪ್ಪಲಿ ಬಾಗಿಲಲ್ಲಿಟ್ಟರೆ ಒಳಗೆ ಹೆಣ ಇದೆಯೆಂದು ಇಮಾಮರು ಓಡಿಬರುತ್ತಾರೆ. ನಿನ್ನ ಅತ್ತೆಯ ಚಪ್ಪಲಿಯಂತೂ ಜಿಲ್ಲೆಗೇ ಗೊತ್ತು. ಅವುಗಳನ್ನು ಅಟ್ಟದಲ್ಲೇ ಬಿಡು. ಚಪ್ಪಲಿ ನಾನು ತರುತ್ತೇನೆ, ಬದುಕಿರುವವರದು.

ಎದುರು ಮನೆಗೆ ಈ ಸಲ ಬಂದಿರುವವಳು ಅಂದು ಸಂಜೆ ಕೇಳಿದಳು, "ಅಮ್ಮಾ, ನಿಮ್ಮನೇಲಿ ಅದೇನು ಪಟಪಟ ಸದ್ದು? ಬಟ್ಟೆ ಒಗೀತಿದ್ರಾ?"

"ನಮ್ಮೂರಲ್ಲಿ ಮನುಷ್ಯರನ್ನೇ ಒಗೀತೀವಿ," ಅಂದೆ. ಈ ಸಲ ಉತ್ತರ ಕೊಟ್ಟೆ ನೋಡು.

ಒಳಗೆ ಹೋಗಲು ತಿರುಗಿದವಳು ಮತ್ತೆ ಬಂದು ಕೇಳಿದಳು, "ನನ್ನನ್ನೂ ಒಗೀತಾರಾ?"

ನನಗಾಗಿ ಪರದೆ ಕಟ್ಟಬೇಡ. ಮದುಮಗಳಿಗೆಂದು ಮರೆಮಾಡುವ ಮೂಲೆಯೂ ಬೇಡ. ತಣ್ಣೀರಿನ ನಲ್ಲಿಯ ಹತ್ತಿರ ಜಾಗ ಇಡು, ನನ್ನ ತೋಳಿಗೆ ಬೆರಕೆ ನೀರು ಬೇಕು. ಹಾವುಗೆ ಅಲ್ಲೇ ಇರಲಿ.

ಪೆರಿಹಾನ್


ತಾಷ್‌ಪಿನಾರ್
2 ಮೇ 2014, ಶುಕ್ರವಾರ

ಪೆರಿಹಾನ್,

ನಿನ್ನೆ ಒಳಗೆ ಆದದ್ದು ನಿನಗೆ ಗೊತ್ತು. ಹೊರಗೆ ಆದದ್ದನ್ನು ನೀನು ನೋಡಲಿಲ್ಲ. ಇನ್ನೂ ನಾವು ಮಾತು ಬಿಟ್ಟವರೇ ಆದ್ದರಿಂದ ಬರೆದೇ ಹೇಳಬೇಕು.

ನೀನು ತುಂಡು ಬಟ್ಟೆ ಸಡಿಲಿಸಿ ಕೂತಾಗ ಗುಮ್ಮಟದ ಕೆಳಗೆ ನೀರಿನ ಸದ್ದೊಂದೇ ಉಳಿಯಿತಲ್ಲ, ಆ ಗಳಿಗೆ ನಾನು ನಾಲಿಗೆ ಕಚ್ಚಿ ಹಿಡಿದಿದ್ದೆ. ಆಗ ಕಿವುಡಿ ದುದು ಕಿರುಚಿದ್ದು, "ಯಾವಾಗ ತೆಗೆದ್ರೇ ಅದನ್ನ? ನೋವಿದೆಯಾ?" ಅಂತ. ನೀನು ಇಲ್ಲವೆಂದು ತಲೆಯಾಡಿಸಿದೆ. "ಹಂಗಾದ್ರೆ ಆ ಕಡೆ ಜರುಗು, ತಣ್ಣೀರು ನನಗೂ ಬೇಕು," ಅಂದಳು. ಅಲ್ಲಿಗೆ ಮುಗಿಯಿತು. ಜೀವಮಾನವೆಲ್ಲ ನಾಲಿಗೆ ಹರಿತ ಮಾಡಿಕೊಂಡವಳು ನಾನು, ಹೊಳೆದದ್ದು ದುದುವಿಗೆ.

ಅಷ್ಟರಲ್ಲಿ ಶಾಬಾನ್ ಹೊರಗಿನಿಂದ ನನ್ನನ್ನು ಕರೆದ. ಕಂಬಳಿಯಗಲದ ಟವೆಲು ಸುತ್ತಿ, ಮೇಲೆ ಕೋಟು ಹಾಕಿಕೊಂಡು ಹೋದೆ. ಪಕ್ಕದಲ್ಲಿ ತಾರಿಕ್ ನಿಂತಿದ್ದ. ಮೆಟ್ಟಿಲು ತುಂಬಿ, ಅಂಗಳ ತುಂಬಿ, ವಾಲ್‌ನಟ್ ಮರದ ಬುಡದ ತನಕ ಚಪ್ಪಲಿ. ನಿನ್ನ ಬೀದಿಯವರ ರಬ್ಬರ್ ಚಪ್ಪಲಿಗಳ ಗುರುತು ನನಗೆ ಸಿಕ್ಕಿತು. ಅವುಗಳ ನಡುನಡುವೆ ಬಿಳಿ ಬಟ್ಟೆಯ ಮೆತ್ತನೆ ಚಪ್ಪಲಿಗಳು, ಪ್ರತಿಯೊಂದರ ಮೇಲೂ ಹಂಸ.

"ಅಜ್ಜಿ, ಇವೆಲ್ಲ ಯಾರವು?" ಅಂದ ಶಾಬಾನ್.

"ಕಾಲಿದ್ದೋರವು."

ತಾರಿಕ್ ಒಂದು ಬಿಳಿ ಚಪ್ಪಲಿ ಎತ್ತಿಕೊಂಡು ನೋಡಿದ. "ಇದು ನಮ್ಮದು," ಅಂದ.

"ಚಪ್ಪಲಿ ನಿಮ್ಮದು. ಒಳಗೆ ಉಜ್ಜಿಸಿಕೊಳ್ತಿರೋ ಬೆನ್ನು ಅವರದು. ಕರೀಲಾ?"

"ಬೇಡ ಬೇಡ," ಅಂದ. ಆಮೇಲೆ ತಲೆ ಕೆರೆದುಕೊಂಡ. "ಬೆಳಗ್ಗೆಯಿಂದ ನಮ್ಮ ಕೊಳದಲ್ಲಿ ಒಂದು ನರಪಿಳ್ಳೆ ಇಲ್ಲ. ಎಲ್ಲರೂ ಮಾರ್ಕೆಟ್‌ಗೆ ಹೋಗಿದ್ದಾರೆ ಅಂದ್ಕೊಂಡಿದ್ದೆ."

"ಪತ್ರಕ್ಕೆ ಏನ್ಮಾಡ್ಲಿ?" ಅಂದ ಶಾಬಾನ್.

"ಮಡಚಿ ಜೇಬಲ್ಲಿಡಿ ಯಜಮಾನ್ರೇ. ನೀವು ರುಜು ಹಾಕಿದ್ರೆ ನಾಳೆ ಇವರೇ ನನ್ನ ಆಫೀಸಿಗೆ ಬಂದು ಕೂರ್ತಾರೆ." ನನ್ನ ಕಡೆ ತಿರುಗಿದ. "ಅಜ್ಜಿ, ಗುರುವಾರ ನಮ್ಮೋರಿಗೂ ಬಾಗಿಲು ತೆಗೆದಿರುತ್ತಾ?"

"ಈ ಬಾಗಿಲಿಗೆ ಚಿಲಕ ಇದ್ರೆ ತಾನೇ ಹಾಕೋದು," ಅಂದೆ.

ಅಷ್ಟು ಹೊತ್ತಿಗೆ ಒಳಗಿನಿಂದ ಹವ್ವಾಳ ಕೂಗು. "ಶಾಬಾನ್, ಎಣಿಸಿ ಆಯ್ತಾ? ಹೆಂಗಸರ ಬಾಗಿಲಲ್ಲಿ ಎಷ್ಟೊತ್ತು ನಿಂತಿರ್ತೀಯ, ಮನೆಗೆ ಹೋಗಿ ಒಲೆ ಹಚ್ಚು." ಊರ ಯಜಮಾನ ಒಲೆ ಹಚ್ಚಲು ಹೋದ. ನಾನು ಒಳಗೆ ಬಂದೆ. ಹದಿನೈದು ದಿನ ಮುಗಿದ ಮೇಲೂ ಇದಕ್ಕೆಂದೇ ಮತ್ತೆ ಬಂದಿದ್ದ ಆ ಎದುರು ಮನೆಯವಳನ್ನು ನೀನು ಕಲ್ಲಿನ ಮೇಲೆ ಬೋರಲು ಮಲಗಿಸಿ ಬಲಗೈಯಲ್ಲಿ ಒಗೆಯುತ್ತಿದ್ದೆ. ನನ್ನನ್ನು ನೋಡಿ ಏನಾಯಿತೆಂದು ಹುಬ್ಬು ಹಾರಿಸಿದೆ. ನಾನೂ ಹುಬ್ಬಿನಲ್ಲೇ ಹೇಳಿದೆ. ನಿನಗೆ ತಿಳಿಯಿತು, ಆದರೆ ಹುಬ್ಬಿಗೆ ಎಷ್ಟೆಂದು ಹೇಳಲು ಬರುತ್ತದೆ? ನನ್ನ ಹೊಟ್ಟೆಯಲ್ಲಿ ವರ್ಷದ ಮಾತು ಕಟ್ಟಿ ನಿಂತಿದೆ. ರಂಜಾನ್ ಹಬ್ಬದ ತನಕ ಕಾಯಲಾರೆ.

ಅದಕ್ಕೆ ಇವತ್ತು ಹವ್ವಾಳನ್ನು ಕೇಳಿದೆ, ನಮ್ಮಿಬ್ಬರಲ್ಲಿ ಮೊದಲು ಹುಟ್ಟಿದ್ದು ಯಾರು ಅಂತ. ಎರಡೂ ಹೆರಿಗೆಗೆ ಅವಳ ಅಜ್ಜಿಯೇ ಸೂಲಗಿತ್ತಿ. "ನಮ್ಮಜ್ಜಿ ಹೇಳ್ತಿದ್ಳು, ಎಲ್ಮಾಸ್ ಹುಟ್ಟಿದಾಗ ಹಿಮ, ಅದು ಕರಗಿ ಪೆರಿಹಾನ್ ಹುಟ್ಟಿದಾಗ ಚೆರ್ರಿ. ನೀನೇ ದೊಡ್ಡವಳು ಕಣೇ," ಅಂದಳು. ಸಾಕ್ಷಿ ಸಿಕ್ಕಿತು. ಎಷ್ಟು ವರ್ಷದಿಂದ ಕಾಯುತ್ತಿದ್ದೆ ಇದಕ್ಕೆ.

ಹವ್ವಾಳಿಗೆ ವಯಸ್ಸಾಯಿತು, ಅವಳ ಮಾತು ಯಾರೂ ನಂಬಬಾರದು.

ನಾಳೆ ಬೆಳಗ್ಗೆ ಕೆನೆ ತೆಗೆದುಕೊಂಡು ಬರುತ್ತೇನೆ. ಚಹಾ ಇಟ್ಟಿರು. ಮುತ್ತಿಡಲು ನಾನು ಬಗ್ಗಿದಾಗ ಬಲಗೈ ಕೊಡು, ಎಡಗೈ ಎತ್ತಬೇಡ. ಮೊಣಕಾಲು ಕುಂಬಳಕಾಯಿಯಾಗಿರುವುದರಿಂದ ಬಗ್ಗಿದವಳು ಮತ್ತೆ ಏಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಸುಖವಾಗಿ ದೊಡ್ಡವಳಾಗಿರು.

ನಿನಗಿಂತ ಚಿಕ್ಕವಳಾದ
ಎಲ್ಮಾಸ್